ಕಂಪನಿಯ ಮೂಗು

ನಮ್ಮ ರೈತರ ಕಂಪನಿಗೆ ನಾನು ಮಹಿಳಾ ನಿರ್ದೇಶಕಿ. ಮಂಡಳಿಯಲ್ಲಿ ಒಬ್ಬ ಹೆಣ್ಣುಮಗಳಾದರೂ ಇರಬೇಕು ಎಂದು ಮೇಲಿನವರು ಹೇಳಿದಾಗ ಅಧ್ಯಕ್ಷರು ಕುಷ್ಟಗಿ, ಯಲಬುರ್ಗಾ ಎಲ್ಲ ಹುಡುಕಿ, ಕೊನೆಗೆ ತಮ್ಮ ಅಡುಗೆಮನೆಯಲ್ಲೇ ಒಬ್ಬಳನ್ನು ಕಂಡುಹಿಡಿದರು. ಅಧ್ಯಕ್ಷರೆಂದರೆ ನಮ್ಮ ಮನೆಯವರು, ಕೊಟ್ರಪ್ಪ. ಸಭೆಯಿದ್ದ ದಿನ ಆರತಿ ತಟ್ಟೆ ಹಿಡಿಯುವುದು, ಬಂದವರಿಗೆ ಚಹಾ ಸಾಲುತ್ತದೋ ಇಲ್ಲವೋ ನೋಡುವುದು, ಬೆರಳಿಟ್ಟು ತೋರಿಸಿದ ಜಾಗದಲ್ಲಿ ಶೈಲಜಾ ಎಂದು ಸಹಿ ಮಾಡುವುದು ನನ್ನ ನಿರ್ದೇಶನದ ಕೆಲಸ. ಅಭಿಪ್ರಾಯ ಹೇಳುವುದು ಅದರಲ್ಲಿ ಬರುವುದಿಲ್ಲ. ಸಭೆಯಲ್ಲಿ ಬಾಯಿ ತೆರೆದರೆ ನಮ್ಮ ಮನೆಯವರು "ಮನ್ಯಾಗ ಮಾತಾಡೂಣಂತ" ಎನ್ನುತ್ತಾರೆ. ಮನೆಯಲ್ಲಿ ಬಾಯಿ ತೆರೆದರೆ "ಕಂಪನಿ ಮಾತು ಮನ್ಯಾಗ ಬ್ಯಾಡ" ಎನ್ನುತ್ತಾರೆ. ಹೀಗಾಗಿ ನನ್ನ ಅಭಿಪ್ರಾಯಗಳೆಲ್ಲ ಕುಷ್ಟಗಿಗೂ ನಮ್ಮ ಮನೆಗೂ ನಡುವಿನ ರಸ್ತೆಯಲ್ಲೇ ಉಳಿದುಬಿಟ್ಟಿವೆ.

ಕಂಪನಿಯ ಹಣ್ಣಿನ ಗೋದಾಮು ಕುಷ್ಟಗಿ ಊರ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿದೆ. ತಳಕಲ್, ಬೇವೂರು ಕಡೆಯ ತೋಟಗಳ ಪೇರಲ, ದಾಳಿಂಬೆ ಎಲ್ಲ ಟೆಂಪೊ ಹತ್ತಿ ಅಲ್ಲಿಗೆ ಬಂದು, ಅಲ್ಲಿಂದ ತಂಪು ಲಾರಿಯಲ್ಲಿ ದೊಡ್ಡ ಊರುಗಳ ದೊಡ್ಡ ಅಂಗಡಿಗಳಿಗೆ ಹೋಗುತ್ತವೆ. ಹೋಗುವಷ್ಟರಲ್ಲಿ ಹಣ್ಣು ಕೊಳೆತು ಪೋಲಾಗುವುದು ಹೆಚ್ಚಾಗಿದೆ ಎಂದು ಆ ಅಂಗಡಿಯವರು ಗೊಣಗತೊಡಗಿದ್ದರು. ಈ ಪೋಲು ತಪ್ಪಿಸುತ್ತೇವೆ ಎಂದು ಪುಣೆಯ ಒಂದು ತಂತ್ರಜ್ಞಾನದ ಸಂಸ್ಥೆ ಮುಂದೆ ಬಂತು. ಅದು ಒಂದು ಯಂತ್ರವನ್ನೂ, ಯಂತ್ರದ ಪರವಾಗಿ ಮಾತನಾಡಲು ಶರಣಕುಮಾರ ಎಂಬ ಹುಡುಗನನ್ನೂ ಕಳಿಸಿಕೊಟ್ಟಿತು.

ಶರಣಕುಮಾರ ಗಂಗಾವತಿಯವನು. ಅಕ್ಕಿ ಗಿರಣಿ ಇಟ್ಟವರ ಮನೆಯ ಮಗ. ಕೊರಳಲ್ಲಿ ಸದಾ ಗುರುತಿನ ಚೀಟಿ. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲವಾಗಿ ಅದರ ತುದಿ ನಮ್ಮ ಮನೆಯ ಎಣ್ಣೆಗಾಯಿಯ ರುಚಿಯನ್ನು ಎಷ್ಟೋ ಸಲ ನೋಡಿದೆ. ಕೆಟ್ಟ ಹುಡುಗನಲ್ಲ. ಮೊಬೈಲಿನಲ್ಲಿ ಕಂಡದ್ದನ್ನು ಮಾತ್ರ ನಂಬುವುದು ಅವನ ಸ್ವಭಾವ, ಅಷ್ಟೆ.

ಅವನು ತಂದ ಯಂತ್ರ ಒಂದು ಬಿಳಿ ಡಬ್ಬಿ, ಕೆಳಗಡೆ ಸಣ್ಣ ಸಣ್ಣ ತೂತುಗಳು. ಮಾಲು ಇಳಿಸುವ ಕೋಣೆಯ ಕಬ್ಬಿಣದ ತೊಲೆಗೆ ಅದನ್ನು ಬಿಗಿದರು. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ಹಣ್ಣು ಆಯುವ ಹೆಣ್ಣುಮಕ್ಕಳು ಮೊದಲ ದಿನವೇ ಅದನ್ನು ಮೂಗು ಎಂದು ಕರೆದರು, ಆಮೇಲೆ ಎಲ್ಲರಿಗೂ ಅದೇ ಹೆಸರಾಯಿತು. ಹಣ್ಣಿನ ಕ್ರೇಟುಗಳನ್ನು ಅದರ ಕೆಳಗಿಟ್ಟು, ಶಟರ್ ಎಳೆದು ಸ್ವಲ್ಪ ಹೊತ್ತು ಬಿಡಬೇಕು. ಮೂಗು ಕೋಣೆಯ ಗಾಳಿಯನ್ನು ಮೂಸಿ ನೋಡುತ್ತದೆ. ಮೊಬೈಲಿನ ಆ್ಯಪಿನಲ್ಲಿ ಹಸಿರು ಬಂದರೆ ಮಾಲು ಒಳಗೆ, ಕೆಂಪು ಬಂದರೆ ಹೊರಗೆ.

"ಕೊಳತ ಹಣ್ಣು ಬಾಗಲದಾಗ ಹಿಡದ್ರ ಮುಂದ ಪೋಲು ಅನ್ನೂದ ಇರಂಗಿಲ್ರಿ ಮೇಡಂ," ಎಂದು ಶರಣಕುಮಾರ ನನಗೆ ವಿವರಿಸಿದ. "ಮನಶ್ಯಾರ ಮೂಗು ಮೋಸ ಮಾಡತೈತಿ. ನೆಗಡಿ ಬರತೈತಿ, ಪರಿಚಯ ನೋಡತೈತಿ. ಇದಕ್ಕ ಅವೇನೂ ಇಲ್ರಿ."

ಉದ್ಘಾಟನೆಯ ದಿನ ನಮ್ಮ ಮನೆಯವರು ಮೂಗಿಗೆ ವಿಭೂತಿ ಹಚ್ಚಲು ಏಣಿ ಹತ್ತಿದರು. ಶರಣಕುಮಾರ ಹೌಹಾರಿ ಅವರ ಕಾಲು ಹಿಡಿದುಕೊಂಡ. ತೂತಿನಲ್ಲಿ ಪುಡಿ ಹೋದರೆ ಯಂತ್ರ ಕೆಡುತ್ತದೆ ಎಂದು ಬೇಡಿಕೊಂಡ. ಇಷ್ಟು ದೊಡ್ಡ ವಸ್ತುವನ್ನು ಪೂಜೆಯಿಲ್ಲದೆ ಶುರು ಮಾಡುವುದೆಂದರೆ ನಮ್ಮ ಮನೆಯವರಿಗೆ ಅಂಗಿ ಹಾಕದೆ ಹೊರಗೆ ಬಂದಷ್ಟು ಸಂಕೋಚ. ಮೇಲಾಗಿ ಸುತ್ತ ನಿಂತ ಜನ ಬಾಯಿ ತೆರೆದು ಮೇಲೆ ನೋಡುತ್ತಿದ್ದರು.

"ನೋಡಿಲ್ಲಿ, ಹೆಂಗ ನೋಡಾಕತ್ಯಾರ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ಇಷ್ಟು ಮಂದಿ ನೆದರು ಬಿದ್ದ ಮ್ಯಾಲೆ ಮಷಿನ್ ಉಳೀತೈತೇನು?"

ಅದಕ್ಕೆ ನಮ್ಮ ಕಡೆ ಮದ್ದಿದೆ. ಹೊಸ ಮನೆ, ಹೊಸ ಅಂಗಡಿ, ಹೊಸದೇನೇ ಇರಲಿ, ಒಂದು ಬೂದುಗುಂಬಳಕಾಯಿಗೆ ಅರಿಶಿನ ಕುಂಕುಮ ಹಚ್ಚಿ ಕಟ್ಟುತ್ತೇವೆ. ಬಂದವರ ಕೆಟ್ಟ ದೃಷ್ಟಿಯನ್ನೆಲ್ಲ ಅದು ನುಂಗುತ್ತದೆ. ನುಂಗಿ ನುಂಗಿ ಕೊಳೆಯುತ್ತದೆ. ಬೇಗ ಕೊಳೆತಷ್ಟೂ ಒಳ್ಳೆಯದು, ದೊಡ್ಡ ಗಂಡಾಂತರ ಕಾಯಿಯ ಮೇಲೆ ಹೋಯಿತು ಎಂದು ಸಮಾಧಾನ. ತಾನಾಗಿ ಕಳಚಿ ಬೀಳುವ ತನಕ ಅದಕ್ಕೆ ಕೈ ಹಚ್ಚಬಾರದು ಎನ್ನುವುದು ನಮ್ಮ ಮನೆಯವರ ಮನೆತನದ ಪದ್ಧತಿ. ಹೊರಗೆ ಕಟ್ಟಿದರೆ ಮಂಗಗಳು ಬಿಡುವುದಿಲ್ಲ. ಹೀಗಾಗಿ ಒಳ್ಳೆಯದೊಂದು ಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಕೋಣೆಯ ಒಳಗೆ, ಅದೇ ತೊಲೆಗೆ, ಮೂಗಿನ ಪಕ್ಕದಲ್ಲೇ ಕಟ್ಟಿದರು. ಕಾಯಲು ಬಂದದ್ದು ಕಾಯಬೇಕಾದುದರ ಹತ್ತಿರವೇ ಇರಬೇಕಲ್ಲ.

ಮುಂದೇನಾಯಿತು ಎಂದು ಓದುವ ನಿಮಗೆ ಈಗಲೇ ಹೊಳೆದಿರಬಹುದು. ನಮಗೆ ಹೊಳೆಯಲಿಲ್ಲ. ನಮ್ಮ ಕೈಯಲ್ಲಿ ಆ್ಯಪ್ ಇತ್ತು.

ಈಗ ಪಾರ್ವತೆಮ್ಮನವರ ವಿಷಯ ಹೇಳಬೇಕು. ಅವರು ನಮ್ಮ ಮನೆಯವರ ಸೋದರತ್ತೆ, ಬೇವೂರಿನವರು. ಮಳೆ ನಂಬಿ ಸಜ್ಜೆ, ತೊಗರಿ ಬಿತ್ತುವ ನೆಲದಲ್ಲಿ ಹಟ ಹಿಡಿದು ಪೇರಲದ ತೋಟ ಎಬ್ಬಿಸಿದವರು. ಅವರ ಹಣ್ಣನ್ನು ಕುಷ್ಟಗಿ ಬಸ್ ನಿಲ್ದಾಣದಲ್ಲಿ ದಾವಲಬೀ ಮಾರುತ್ತಿದ್ದಳು. ಬಸ್ಸು ಬಂದು ನಿಂತ ಕೂಡಲೇ ಬುಟ್ಟಿಯನ್ನು ಕಿಟಕಿಯ ಎತ್ತರಕ್ಕೆ ಹಿಡಿದು "ಬೇವೂರ ಪಾರ್ವತೆಮ್ಮನ ಪ್ಯಾರಲ!" ಎಂದು ಕೂಗುವಳು. ಬರೀ ಪೇರಲ ಎಂದು ಯಾವತ್ತೂ ಕೂಗಿದವಳಲ್ಲ. ಆ ಹೆಸರು ಕೇಳಿಯೇ ಕಿಟಕಿಯಿಂದ ಕೈಗಳು ಹೊರಗೆ ಬರುತ್ತಿದ್ದವು. ಬಸ್ಸಿನಲ್ಲಿ ಕೂತು ತಮ್ಮ ಹೆಸರನ್ನೇ ಕೇಳಿಸಿಕೊಂಡ ದಿನ ಪಾರ್ವತೆಮ್ಮ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರಂತೆ. ಆಮೇಲೆ ತಾವೂ ಅರ್ಧ ಕಿಲೋ ಕೊಂಡರಂತೆ.

ಇಂಥವರನ್ನು ಕಂಪನಿಗೆ ಸೇರಿಸಿದ್ದು ನಮ್ಮ ಮನೆಯವರು.

"ಅತ್ತಿ, ಎಷ್ಟ್ ದಿನ ಅಂತ ಬಸ್ ಸ್ಟ್ಯಾಂಡಿನ್ಯಾಗ ಮಾರಸ್ತಿ? ನಿನ್ನ ಹಣ್ಣು ವಿಮಾನ ಹತ್ತಬೇಕು."

"ನಾನಂತೂ ಹತ್ತಲಿಲ್ಲ. ಹಣ್ಣರ ಹತ್ತಲಿ ಬಿಡು," ಎಂದು ನಕ್ಕು ಹೆಬ್ಬೆಟ್ಟಿನ ಜಾಗದಲ್ಲಿ ಚೆಂದಗೆ ಸಹಿ ಮಾಡಿದರು. ನಮ್ಮ ಮನೆಯವರು "ನಕ್ಕೋಂತ ನಿಂದ್ರು ಅತ್ತಿ" ಎಂದು ಅವರ ಫೋಟೊ ತೆಗೆದು ಆ್ಯಪಿಗೆ ಹಾಕಿದರು.

ಮೊದಲಿಗೆ ಎಲ್ಲರ ಮಾಲಿಗೂ ಹಸಿರೇ ಬಂತು. ಆಗ ಕುಂಬಳಕಾಯಿಯೂ ಗಟ್ಟಿಯಾಗಿತ್ತು. ಬಿಸಿಲು ಏರುತ್ತ ಹೋದಂತೆ ಕೆಂಪು ಬಟ್ಟೆಯೊಳಗೆ ಏನು ನಡೆಯಬೇಕೋ ಅದು ನಡೆಯಿತು. ಮುಂಜಾನೆ ತಂಪಿನಲ್ಲಿ, ರಾತ್ರಿಯ ಗಾಳಿ ಇನ್ನೂ ಓಡಾಡುತ್ತಿದ್ದಾಗ ಬಂದ ಮಾಲು ಹೇಗೋ ಪಾರಾಗುತ್ತಿತ್ತು. ಬೇವೂರಿನ ಟೆಂಪೊ ಊರೂರು ಸುತ್ತಿ ಬರುವಷ್ಟರಲ್ಲಿ ಮಧ್ಯಾಹ್ನ. ತಗಡಿನ ಸೂರು ಕಾದು, ಕೋಣೆಯ ಗಾಳಿ ದಪ್ಪಗಾಗಿರುತ್ತಿತ್ತು.

ಒಂದು ಮಧ್ಯಾಹ್ನ ಪಾರ್ವತೆಮ್ಮ ತಾವೇ ಹಣ್ಣಿನ ಜೊತೆ ಬಂದರು. ನಮ್ಮ ಮನೆಯವರೂ ನಾನೂ ಅಲ್ಲಿದ್ದೆವು. ಶಟರ್ ಎಳೆದು ತೆರೆದ ಮೇಲೆ ಶರಣಕುಮಾರ ಮೊಬೈಲ್ ನೋಡಿ ಮುಖ ಸಣ್ಣದು ಮಾಡಿದ.

"ಕೆಂಪು ಬಂದೈತ್ರಿ ಸರ್. ಕೊಳತ ಮಾಲು ಅಂತ ತೋರಸಾಕತ್ತೈತಿ."

"ಯಾವುದು ಕೊಳತೈತಿ?" ಎಂದರು ಪಾರ್ವತೆಮ್ಮ. "ಮುಂಜಾನೆ ನಾನ ನಿಂತು ಗಿಡದಿಂದ ಹರಿಸೀನಿ. ಯಾವ ಹಣ್ಣು, ತಗದು ತೋರಸು."

"ಯಾವುದಂತ ಹೇಳಂಗಿಲ್ರಿ ಅಮ್ಮಾರ ಅದು. ಒಟ್ಟು ಕೊಳತೈತಿ ಅಂತ ಹೇಳತೈತಿ."

ಪಾರ್ವತೆಮ್ಮ ಕ್ರೇಟಿನಿಂದ ಒಂದು ಹಣ್ಣು ತೆಗೆದು, ಸೆರಗಿನಲ್ಲಿ ಒರೆಸಿ, ಎರಡು ಹೋಳು ಮಾಡಿ ಅಳಿಯನ ಕೈಗಿಟ್ಟರು. ನಮ್ಮ ಮನೆಯವರು ತಿಂದರು. ಇನ್ನೊಂದು ಹೋಳನ್ನೂ ತಿಂದರು.

"ಹೆಂಗೈತಿ?"

"ಸಕ್ಕರಿ ಇದ್ದಂಗೈತಿ ಅತ್ತಿ."

"ಮತ್ತ?"

ಅವರು ಹಲ್ಲಿಗೆ ಸಿಕ್ಕ ಬೀಜವನ್ನು ನಾಲಿಗೆಯಿಂದ ಸರಿಸಿಕೊಂಡರು. "ಆದ್ರ ಕೆಂಪು ಬಂದೈತಲ್ಲ. ನಾ ನಿನ್ನ ಅಳಿಯ, ನನ್ನ ನಾಲಿಗಿ ನಿನ್ನ ಕಡೀನ ಮಾತಾಡತೈತಿ. ಮಷಿನ್‌ಗೆ ಬೀಗರು ಬಿಜ್ಜರು ಯಾರೂ ಇಲ್ಲ. ಅದು ಹೇಳಿದ್ದ ಖರೆ."

ವಾಸನೆ ಇತ್ತು ಎಂಬುದು ನಿಜ. ನಾನೂ ಮೂಗಿಗೆ ಸೆರಗು ಹಿಡಿದಿದ್ದೆ. ಎಲ್ಲಿಂದ ಎಂದು ಯಾರೂ ಹುಡುಕಲಿಲ್ಲ, ಮೊಬೈಲು ಆಗಲೇ ಹುಡುಕಿಕೊಟ್ಟಿತ್ತಲ್ಲ. ಅಲ್ಲಿದ್ದವರೆಲ್ಲ ಪಾರ್ವತೆಮ್ಮನ ಕ್ರೇಟಿನ ಮೇಲೆ ಬಗ್ಗಿ, ಮೂಸಿ, "ಹೌದ್ ಹೌದು, ಇದರಾಗಿಂದನ ಬರಾಕತ್ತೈತಿ" ಎಂದು ತಲೆಯಾಡಿಸಿದರು. ಸ್ವಂತ ಅತ್ತೆಯ ಮಾಲನ್ನೂ ಬಿಡದ ಅಧ್ಯಕ್ಷರು ಎಂದು ಒಬ್ಬಿಬ್ಬರು ಮೆಚ್ಚುಗೆಯನ್ನೂ ಸೂಚಿಸಿದರು.

ಕೆಂಪು ಬಂದ ಹಣ್ಣನ್ನು ರೈತನಿಗೆ ವಾಪಸು ಕೊಡುವಂತಿಲ್ಲ. ಕೊಟ್ಟರೆ ಅವನು ಬೇರೆ ಕಡೆ ಮಾರುತ್ತಾನೆ, ತಿಂದವರ ಹೊಟ್ಟೆ ಕೆಡುತ್ತದೆ ಎಂದು ಪುಣೆಯವರ ನಿಯಮ. ಗೋದಾಮಿನ ಹಿಂದಿನ ಗೊಬ್ಬರದ ಗುಂಡಿಗೆ ಸುರಿದು ಫೋಟೊ ತೆಗೆದು ಆ್ಯಪಿಗೆ ಹಾಕಬೇಕು. ಹಣ್ಣು ಸುರಿಯುವಾಗ ಪಾರ್ವತೆಮ್ಮ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಉರುಳಿ ಕಾಲಬಳಿ ಬಂದ ಒಂದು ಹಣ್ಣನ್ನು ಎತ್ತಿಕೊಳ್ಳಲು ಬಗ್ಗಿದರು. ಕಾವಲುಗಾರ ಗ್ಯಾನಪ್ಪ ಮೆಲ್ಲಗೆ "ಬ್ಯಾಡ್ರಿ ಅವ್ವಾರ, ಕ್ಯಾಮೆರಾ ಐತಿ" ಎಂದ. ಅವರು ಹಣ್ಣನ್ನು ಅಲ್ಲೇ ಬಿಟ್ಟು ನೆಟ್ಟಗಾದರು. ತಮ್ಮ ಗಿಡದ ಹಣ್ಣನ್ನು ಕದಿಯಲು ಹೋದವರ ಹಾಗೆ ಸುತ್ತ ನೋಡಿದರು.

ಅಂದು ಮನೆಯಲ್ಲಿ ನಿಯಮ ಮುರಿದು ಕಂಪನಿಯ ಮಾತು ತೆಗೆದೆ.

"ಅಷ್ಟು ಹಣ್ಣು ಗುಂಡಿಗೆ ಹಾಕಿದ್ರಿ. ಅದು ಪೋಲಲ್ಲೇನ್ರಿ?"

"ಅಲ್ಲ," ಎಂದರು ಅವರು ಶಾಂತವಾಗಿ, ರೊಟ್ಟಿ ಮುರಿಯುತ್ತ. "ಗೋದಾಮು, ಲಾರಿ, ಅಂಗಡಿ ಅನ್ನೂ ಸರಪಳಿ ಒಳಗ ಬಂದ ಮ್ಯಾಲೆ ಕೆಟ್ರ ಅದು ಪೋಲು. ಇದು ಒಳಗ ಬಂದಾ ಇಲ್ಲ. ಬಾಗಲದಾಗ ನಿಂತೈತಿ."

"ಹಂಗಾರ ಇದ್ದಬದ್ದ ಹಣ್ಣೆಲ್ಲಾ ಬಾಗಲದಾಗ ಗುಂಡಿಗೆ ಹಾಕಿಬಿಟ್ರ?"

"ಪೋಲು ಶೂನ್ಯ ಆಕೈತಿ."

ನಾನು ಕುಚೋದ್ಯಕ್ಕೆ ಕೇಳಿದ್ದೆ. ಅವರು ಉಪಾಯ ಸಿಕ್ಕವರ ಹಾಗೆ ಸ್ವಲ್ಪ ಹೊತ್ತು ಯೋಚಿಸಿದರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಪಾರ್ವತೆಮ್ಮನ ಮಾಲಿಗೆ ಮತ್ತೆ ಕೆಂಪು, ಮತ್ತೂ ಕೆಂಪು. ಮೂರನೇ ಸಲಕ್ಕೆ ಯಂತ್ರ ತಾನಾಗಿಯೇ ಎಲ್ಲ ಸದಸ್ಯರ ಮೊಬೈಲಿಗೆ ಸಂದೇಶ ಕಳಿಸಿತು. ಬೇವೂರಿನ ಪಾರ್ವತೆಮ್ಮ ಇವರ ಪೇರಲ ಕೊಳೆತದ್ದೆಂದು ದೃಢಪಟ್ಟಿದೆ, ಸದಸ್ಯತ್ವ ತಡೆಹಿಡಿಯಲಾಗಿದೆ, ಎಚ್ಚರಿಕೆ. ಕೆಳಗೆ ಅವರದೇ ಫೋಟೊ, ಸುತ್ತ ಒಂದು ಕೆಂಪು ಗೆರೆ. ನಮ್ಮ ಮನೆಯವರ ಮಾತು ಕೇಳಿ ನಗುತ್ತ ನಿಂತಿದ್ದ ಫೋಟೊ.

ನಮ್ಮ ಜನರಿಗೆ ಬೀಜದ ಬಗ್ಗೆ, ರೋಗದ ಬಗ್ಗೆ ಸಂದೇಶ ಬಂದರೆ ತೆರೆದೂ ನೋಡುವುದಿಲ್ಲ. ಇದನ್ನು ಮಾತ್ರ ಸಂಜೆಯೊಳಗೆ ಎಲ್ಲ ಗುಂಪುಗಳಿಗೂ ದಾಟಿಸಿದ್ದರು. ಪಾರ್ವತೆಮ್ಮ ಮರುದಿನ ಹಣ್ಣು ತುಂಬಿಕೊಂಡು ದಾವಲಬೀಯ ಹತ್ತಿರ ಹೋದರು. ದಾವಲಬೀ ತಲೆ ಎತ್ತಲಿಲ್ಲವಂತೆ.

"ನಾ ಒಲ್ಲೆ ಅನ್ನಂಗಿಲ್ಲಬೇ. ತಗೊಳ್ಳಾವ್ರು ಬೇಕಲ್ಲ? ನಿನ್ನ ಹೆಸರು ಕೂಗಿದ್ರ ಕಂಡಕ್ಟರ್ ಸೈತ ಮೊಬೈಲ್ ತಗದು ತೋರಸ್ತಾನ. ಬ್ಯಾರೆ ಹೆಸರು ಹೇಳಿ ಮಾರ್ಲೇನು?"

"ಬ್ಯಾಡ," ಎಂದು ಪಾರ್ವತೆಮ್ಮ ಬುಟ್ಟಿ ಎತ್ತಿಕೊಂಡು ವಾಪಸು ಬಂದರು. ತೋಟದಲ್ಲಿ ಹಣ್ಣು ಗಿಡದಲ್ಲೇ ಹಣ್ಣಾಗಿ, ಬಿದ್ದು, ಗಿಳಿ ಅಳಿಲುಗಳ ಪಾಲಾಯಿತು. ಅವರು ನನಗೆ ಫೋನ್ ಮಾಡಿದಾಗ ಹಣ್ಣಿನ ಮಾತೇ ಎತ್ತಲಿಲ್ಲ. "ಶೈಲಾ, ನನ್ನ ಹೆಸರು ಕೊಳತತಿ ಅಂತ ಬರದಾರಂತಲ್ಲ, ಅದನ್ನ ಅಳಸಾಕ ಬರತೈತೇನು ಕೇಳವ್ವ" ಎಂದರು. ಕೇಳಿದೆ. ಅಳಿಸುವ ಬಟನ್ ಒತ್ತುವ ಅಧಿಕಾರ ಪುಣೆಯಲ್ಲಿದೆ, ಇಲ್ಲಿ ಯಾರಿಗೂ ಇಲ್ಲ ಎಂದ ಶರಣಕುಮಾರ.

ಇತ್ತ ಕಂಪನಿ ಏಳಿಗೆಯ ಹಾದಿಯಲ್ಲಿತ್ತು. ಒಳಗೆ ಬರುವ ಮಾಲು ದಿನೇ ದಿನೇ ಕಡಿಮೆಯಾಗುತ್ತ, ಆ್ಯಪಿನಲ್ಲಿ ಪೋಲು ತೋರಿಸುವ ಗೆರೆ ಇಳಿಯುತ್ತ ಇಳಿಯುತ್ತ ನೆಲ ಮುಟ್ಟಿತು. ಪುಣೆಯವರು ಹಿಗ್ಗಿದರು. ಇಡೀ ದೇಶದಲ್ಲಿ ಅವರ ಯಂತ್ರವಿದ್ದ ಕಡೆಗಳಲ್ಲೆಲ್ಲ ನಮ್ಮದೇ ಮೊದಲು ಎಂದು 'ಶೂನ್ಯ ಪೋಲು' ಪ್ರಶಸ್ತಿ ಘೋಷಿಸಿದರು. ಕೊಪ್ಪಳದಿಂದ ಪತ್ರಿಕೆಯವರು ಬಂದು ನಮ್ಮ ಮನೆಯವರನ್ನು ಖಾಲಿ ಕ್ರೇಟುಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಕ್ರೇಟು ಯಾಕೆ ಖಾಲಿ ಎಂದು ಅವರೂ ಕೇಳಲಿಲ್ಲ.

ಹೆಸರು ಬಂದ ಮೇಲೆ ದೃಷ್ಟಿ ಬರದೆ ಇರುತ್ತದೆಯೇ? ನಮ್ಮ ಮನೆಯವರು ಎರಡನೇ ಕುಂಬಳಕಾಯಿ ತಂದು ಮೊದಲನೆಯದರ ಪಕ್ಕ ಕಟ್ಟಿದರು. ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ಇನ್ನೂ ದೊಡ್ಡದೊಂದನ್ನು. ಮೊದಲನೆಯದು ಅಷ್ಟರಲ್ಲಿ ತೊಟ್ಟಿಕ್ಕತೊಡಗಿತ್ತು. ಅದರ ಕೆಳಗೊಂದು ಬಕೆಟ್ ಇಡಿಸಿ, ಭಕ್ತಿಯಿಂದ ಮೇಲೆ ನೋಡಿದರು.

"ಏನ್ ನೆದರ ಜಗ್ಗಿರಬೇಕ ಅದು! ಹೆಂಗ ಸೋರಾಕತ್ತೈತಿ ನೋಡು."

ಶರಣಕುಮಾರ ಬಕೆಟ್ಟಿನ ಫೋಟೊ ತೆಗೆದು, ಪಕ್ಕದ ತಂಪು ಕೋಣೆಯ ನೀರು ಸೋರುತ್ತಿದೆ ಎಂದು ಪುಣೆಗೆ ದೂರು ಬರೆದ. ಪುಣೆಯವರು ದೂರನ್ನು ಸ್ವೀಕರಿಸಲಾಗಿದೆ ಎಂದು ಉತ್ತರಿಸಿದರು. ಆ ಹೊತ್ತಿಗೆ ಮುಂಜಾನೆಯ ಮಾಲಿಗೂ ಕೆಂಪೇ ಬರುತ್ತಿತ್ತು. ರೈತರಿಗೆ ಶುಚಿತ್ವ ಗೊತ್ತಿಲ್ಲ, ತರಬೇತಿ ಬೇಕು ಎಂದು ಪುಣೆಯಿಂದ ಸಲಹೆ ಬಂತು. ನಮ್ಮ ರೈತರು ಕೈ ತೊಳೆಯುವುದು ಹೇಗೆ ಎಂದು ಕಲಿತರು. ಮೂಗು ಆಗಲೂ ಕೆಂಪನ್ನೇ ತೋರಿಸಿತು.

ಪ್ರಶಸ್ತಿ ಕೊಡಲು ಪುಣೆಯಿಂದ ಇಬ್ಬರು ದೊಡ್ಡವರು ಬಂದರು. ನಾನು ಆರತಿ ತಟ್ಟೆ ಹಿಡಿದು ನಿಂತೆ. ಕೋಣೆಗೆ ಕಾಲಿಟ್ಟ ಕೂಡಲೇ ಇಬ್ಬರೂ ಕರವಸ್ತ್ರ ತೆಗೆದರು. ಹಳ್ಳಿಯ ಕಡೆ ಹೀಗೇ ಇರುತ್ತದೆ ಎಂದು ತಿಳಿದಿದ್ದರೇನೋ, ಏನೂ ಹೇಳಲಿಲ್ಲ. ಅವರ ಮುಂದೆ ಮೂಗಿನ ಕೆಲಸ ತೋರಿಸಬೇಕಿತ್ತು, ಅದಕ್ಕೆ ಹಸಿರು ಬರಬೇಕಿತ್ತು. ನಮ್ಮ ರೈತರ ಹಣ್ಣನ್ನು ನಂಬುವಂತಿಲ್ಲವಲ್ಲ. ಶರಣಕುಮಾರ ಗಂಗಾವತಿಯಿಂದ ಸೇಬು ತರಿಸಿದ್ದ. ಒಂದೊಂದು ಸೇಬಿಗೂ ಬಿಳಿ ಜಾಳಿಗೆಯ ಅಂಗಿ, ಎದೆಯ ಮೇಲೆ ಚೀಟಿ. ಅವನ ಗುರುತಿನ ಚೀಟಿಗಿಂತ ಅದೇ ಚೆನ್ನಾಗಿತ್ತು.

ಶಟರ್ ಎಳೆದರು. ತೆರೆದರು. ಗೋಡೆಯ ದೊಡ್ಡ ಪರದೆಯ ಮೇಲೆ ಕೆಂಪು ಬಂತು.

ಶರಣಕುಮಾರ ಮೊಬೈಲನ್ನು ಆರಿಸಿ ಹಚ್ಚಿದ. ಮತ್ತೆ ಕೆಂಪು. ನಮ್ಮ ಮನೆಯವರ ಮುಖ ಬಿಳಿಚಿಕೊಂಡಿತು. "ಯಾರದೋ ಕಣ್ಣು ಬಿತ್ತು, ಇವತ್ತ ಬಿತ್ತು" ಎನ್ನುತ್ತ ತೊಲೆಯ ಕಡೆ ನೋಡಿ ಕೈಮುಗಿದರು. ಕುಂಬಳಕಾಯಿಗೆ ಆ ಮೊರೆ ಕೇಳಿಸಿತೋ, ಹಗ್ಗ ನೆನೆದು ಲಡ್ಡಾಗಿತ್ತೋ, ಮೊದಲನೆಯದು ಕಳಚಿಕೊಂಡು ಸೇಬಿನ ಕ್ರೇಟಿನ ಮೇಲೆ ಬಿದ್ದು ಒಡೆಯಿತು. ಒಳಗೆ ಕಾಯಿ ಎಂಬುದೇ ಇರಲಿಲ್ಲ, ಬರೀ ಕೊಳೆತ ನೀರು. ಅದು ಪುಣೆಯ ಅಂಗಿಗಳ ಮೇಲೆ, ಪ್ರಶಸ್ತಿ ಫಲಕದ ಮೇಲೆ, ನನ್ನ ಆರತಿ ತಟ್ಟೆಯ ಮೇಲೆ ಪಕ್ಷಪಾತವಿಲ್ಲದೆ ಹಾರಿತು. ದೀಪ ಆರಿತು. ಆ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದೆವು. ಓಡುವಾಗ ಗ್ಯಾನಪ್ಪ ಒಬ್ಬನೇ ಜೋರಾಗಿ ನಕ್ಕದ್ದು ಕೇಳಿಸಿತು.

ಉಳಿದ ಎರಡನ್ನೂ ಇಳಿಸಿ, ಕೋಣೆ ತೊಳೆದು, ಶಟರ್ ತೆರೆದಿಟ್ಟು ಒಣಗಿಸಿದರು. ಮರುದಿನ ಯಾರದೋ ಪೇರಲ ಬಂತು. ಹಸಿರು. ದಾಳಿಂಬೆ ಬಂತು. ಹಸಿರು.

ಈಗಲಾದರೂ ನಾಚಿಕೆಯಾಗುತ್ತದೆ ಎಂದು ನಾನು ಕಾದೆ. ಯಾರಿಗೂ ಆಗಲಿಲ್ಲ. ನಮ್ಮ ಮನೆಯವರು ಎರಡು ತೆಂಗಿನಕಾಯಿ ಒಡೆದರು. ಅಷ್ಟು ದೊಡ್ಡ ದೃಷ್ಟಿ ಕುಂಬಳಕಾಯಿಯ ಮೇಲೆ ಹೋಯಿತು, ಇಲ್ಲದಿದ್ದರೆ ಸೂರೇ ಕುಸಿಯುತ್ತಿತ್ತು ಎಂದರು. ಪುಣೆಯವರು ಅಂಗಿ ಬದಲಿಸಿಕೊಂಡು, ರೈತರ ತರಬೇತಿಯಿಂದ ಹಸಿರು ಬಂದಿದೆ ಎಂದು ವರದಿ ಬರೆದು, ಫಲಕವನ್ನು ಒರೆಸಿ ಕೊಟ್ಟು ಹೋದರು. ಎಲ್ಲರಿಗಿಂತ ಖುಷಿಯಾದವನು ಶರಣಕುಮಾರ.

"ನಮ್ಮ ಮೂಗು ಒಂದ್ ದಿನನೂ ಸುಳ್ಳು ಹೇಳಿಲ್ರಿ ಮೇಡಂ! ಕೋಣ್ಯಾಗ ಕೊಳತದ್ದು ಐತಿ ಅಂತಿತ್ತು, ಇತ್ತಲ್ರಿ?"

"ಹಂಗಾರ ಅತ್ತಿ ಹೆಸರಿನ ಮುಂದಿನ ಕೆಂಪು ತಗಸಪ್ಪ."

"ಅದ್ಹೆಂಗ್ರಿ?" ಎಂದು ಅವನು ನಿಜವಾಗಿ ಆಶ್ಚರ್ಯಪಟ್ಟ. "ಸುಳ್ಳು ಹೇಳಿದ್ರ ತಗೀಬಹುದಿತ್ತು. ಅದು ಖರೇನ ಹೇಳೈತಲ್ರಿ. ಅವರು ತರಬೇತಿ ತಗೊಂಡು ಬಂದ್ರ 'ಸುಧಾರಿಸಿದ ರೈತ' ಅಂತ ಹೊಸದಾಗಿ ಸೇರಸಾಕ ಬರತೈತಿ."

ಈ ಒಳ್ಳೆಯ ಸುದ್ದಿ ಹೇಳಲು ನಮ್ಮ ಮನೆಯವರು ನನ್ನನ್ನೂ ಕರೆದುಕೊಂಡು ಬೇವೂರಿಗೆ ಹೋದರು. ಪಾರ್ವತೆಮ್ಮ ತಾಟಿನಲ್ಲಿ ಪೇರಲ ಹೆಚ್ಚಿ, ಉಪ್ಪು ಖಾರ ಉದುರಿಸಿ ಮುಂದಿಟ್ಟರು. ನಮ್ಮ ಮನೆಯವರು ಹಳೆಯ ಅಭ್ಯಾಸದಂತೆ ತಿನ್ನುತ್ತಲೇ ಕುಂಬಳಕಾಯಿಯ ಕತೆ ಹೇಳಿದರು, ತರಬೇತಿಯ ಮಾತೂ ಹೇಳಿದರು. ಪಾರ್ವತೆಮ್ಮ ಕೊನೆಯ ತನಕ ಕೇಳಿದರು.

"ಕೊಳತದ್ದು ಕುಂಬಳಕಾಯಿ. ಹೌದಲ್ಲ?"

"ಹೌದತ್ತಿ."

"ಹಂಗಾರ ಅದನ್ನ ತರಬೇತಿಗೆ ಕಳಸು. ನಾ ಯಾಕ ಬರ್ಲಿ?"

ನಮ್ಮ ಮನೆಯವರು ನಗಲು ಹೋಗಿ, ಅವರ ಮುಖ ನೋಡಿ ನಿಲ್ಲಿಸಿದರು.

"ಗುಂಡಿಗೆ ಹಾಕಿದ ಹಣ್ಣು ಹೋದ್ವು, ಅವನ್ನ ಕೇಳಂಗಿಲ್ಲ," ಎಂದರು ಪಾರ್ವತೆಮ್ಮ. "ಎಲ್ಲಾರಿಗೂ ಕೊಳತತಿ ಅಂತ ಹೇಳಿದ್ರಲ್ಲ, ಅಷ್ಟೂ ಮಂದಿಗೆ ಇಲ್ಲ ಅಂತ ಹೇಳು, ಕೊಟ್ರಾ. ನಿನ್ನ ಬಾಯಿಲೆ ಹೇಳು. ಅಷ್ಟ ಸಾಕು ನನಗ."

"ಹಂಗ ಬಾಯಿಲೆ ಹೇಳಾಕ ಬರಂಗಿಲ್ಲತ್ತಿ, ಕಂಪನಿ ಹೆಸರು ಕೆಡತೈತಿ. ಮುಂದಿನ ಸಭಾದಾಗ ಇಡ್ತೀನಿ," ಎಂದು ಅವರು ತಾಟಿನಲ್ಲಿ ಉಳಿದಿದ್ದ ಕೊನೆಯ ಹೋಳನ್ನು ಎತ್ತಿಕೊಂಡರು.

ಆ ಹೋಳು ಅವರ ಬಾಯಿಗೆ ಹೋದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಾನು ಎದ್ದು ಹಿತ್ತಲ ತೋಟಕ್ಕೆ ಹೋದೆ. ಗಿಡದಲ್ಲಿ ಉಳಿದಿದ್ದ ಹಣ್ಣನ್ನು ಪಾರ್ವತೆಮ್ಮನೂ ನಾನೂ ಸೇರಿ ಬುಟ್ಟಿಗೆ ಕಿತ್ತುಕೊಂಡೆವು. ಅವರಿಗೆ ತಿರುಗಿ ಕುಷ್ಟಗಿಗೆ ಬರಲು ಮನಸ್ಸಿರಲಿಲ್ಲ. ಕೈ ಹಿಡಿದು ಎಳೆದುಕೊಂಡೇ ಹೋಗಿ ಬಸ್ಸು ಹತ್ತಿಸಿದೆ. ನಮ್ಮ ಮನೆಯವರು ಕಾರಿನ ಕೀಲಿ ಹಿಡಿದುಕೊಂಡು ಕಟ್ಟೆಯ ಮೇಲೆ ನಿಂತೇ ಇದ್ದರು.

ನಿಲ್ದಾಣದಲ್ಲಿ ದಾವಲಬೀ ಬಾಳೆಹಣ್ಣು ಮಾರುತ್ತಿದ್ದಳು. ಪಾರ್ವತೆಮ್ಮನನ್ನು ಕಂಡು ಮುಖ ಅತ್ತ ತಿರುಗಿಸಿದಳು. ನಾನು ಬುಟ್ಟಿಯನ್ನು ಅವಳ ಮುಂದಿಟ್ಟು, ಅಲ್ಲಿದ್ದ ಕಂಡಕ್ಟರಿಗೂ, ಚಹಾದ ಅಂಗಡಿಯವನಿಗೂ, ಬಸ್ಸು ಕಾಯುವವರಿಗೂ ಕೇಳುವಂತೆ ಹೇಳಿದೆ:

"ನಾ ಆ ಕಂಪನಿ ಡೈರೆಕ್ಟರ್ ಅದೀನಿ. ನಾ ಹೇಳಾಕತ್ತೀನಿ ಕೇಳ್ರಿ. ಇವರ ಹಣ್ಣು ಒಂದೂ ಕೊಳತಿಲ್ಲ. ಕೊಳತದ್ದು ನಮ್ಮ ಕುಂಬಳಕಾಯಿ. ನಾವ ಕಟ್ಟಿದ್ವಿ, ನಾವ ಮೂಸಿದ್ವಿ, ಇವರ ಹೆಸರಿಗೆ ಬರದ್ವಿ."

ಇಷ್ಟು ದಿನ ರಸ್ತೆಯಲ್ಲಿ ಉಳಿದುಕೊಂಡಿದ್ದ ಅಭಿಪ್ರಾಯಗಳೆಲ್ಲ ಒಟ್ಟಿಗೆ ಹೊರಟಿದ್ದರಿಂದ ಧ್ವನಿ ಜೋರಾಯಿತು. ಸುತ್ತ ನಿಂತವರು ಪೂರ್ತಿ ಕತೆ ಕೇಳಿದರು. ನೀರು ಹಾರಿದ್ದನ್ನು ಹೇಳುವಾಗ ಕಂಡಕ್ಟರ್ ನಕ್ಕು ನಕ್ಕು ಬಸ್ಸಿಗೆ ಆತುಕೊಂಡ. ದಾವಲಬೀ ಮಾತ್ರ ನಗಲಿಲ್ಲ. ಬುಟ್ಟಿಯಿಂದ ಒಂದು ಹಣ್ಣು ಎತ್ತಿ ತನ್ನ ಮೂಗಿನ ಹತ್ತಿರ ಹಿಡಿದಳು. ಕಣ್ಣು ಮುಚ್ಚಿ ಒಮ್ಮೆ ಉಸಿರು ಎಳೆದುಕೊಂಡಳು.

"ನಾನೂ ಮೂಸಿ ನೋಡ್ಲಿಲ್ಲಲ್ಲಬೇ ಅವತ್ತ," ಎಂದು ಪಾರ್ವತೆಮ್ಮನ ಕೈ ಹಿಡಿದಳು.

ಅಷ್ಟರಲ್ಲಿ ನನ್ನ ಮೊಬೈಲ್ ಬಡಿದುಕೊಂಡಿತು. ನಮ್ಮ ಮನೆಯವರು.

"ಎಲ್ಲಿ ಅದಿ? ಪುಣೆದವರು ಮಹಿಳಾ ನಿರ್ದೇಶಕಿ ಫೋಟೊ ಬೇಕಂತ ಕೇಳಾಕತ್ಯಾರ. ನಕ್ಕೋಂತ ನಿಂತಿದ್ದು."

"ಬಸ್ ಸ್ಟ್ಯಾಂಡಿನ್ಯಾಗ ಅದೀನ್ರಿ."

"ಅಲ್ಲೇನ್ ಮಾಡಾಕತ್ತಿ?"

ಇಳಕಲ್ಲಿನ ಬಸ್ಸು ಬಂದು ನಿಂತಿತು. ದಾವಲಬೀ ಬಾಳೆಹಣ್ಣಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಪೇರಲದ ಬುಟ್ಟಿಯನ್ನು ಎರಡೂ ಕೈಯಿಂದ ಕಿಟಕಿಯ ಎತ್ತರಕ್ಕೆ ಹಿಡಿದು, ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದಳು: "ಬೇವೂರ ಪಾರ್ವತೆಮ್ಮನ ಪ್ಯಾರಲ!"

ಪಾರ್ವತೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಈ ಸಲ ನಾಚಿಕೆಗಲ್ಲ.

ನಮ್ಮ ಮನೆಯವರು "ಹಲೋ, ಹಲೋ, ಏನ್ ಮಾಡಾಕತ್ತಿ?" ಎಂದು ಕೇಳುತ್ತಲೇ ಇದ್ದರು. ನಾನು ಮೊಬೈಲನ್ನು ದಾವಲಬೀಯ ಕಡೆಗೆ ಹಿಡಿದು ನಿಂತೆ.